ಜಾದೂ ಪ್ಯಾನಿನಿಂದ ಬಂದ ತಿಂಡಿಯನ್ನು ಮಕ್ಕಳಿಗೆ ಕೊಡಬಹುದಾ?

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಮೇಷ್ಟ್ರು. ಹವ್ಯಾಸಕ್ಕೆ ಜಾದೂ ಕಲಿತಿದ್ದೇನೆ. ಮುಂದಿನ ತಿಂಗಳು ನೆಂಟರ ಮನೆಯ ಹುಟ್ಟುಹಬ್ಬದಲ್ಲಿ, ಆಮೇಲೆ ನವೆಂಬರ್ 14ಕ್ಕೆ ನಮ್ಮ ಶಾಲೆಯಲ್ಲಿ ಆಟ ತೋರಿಸಬೇಕು. ಹೊಸದಾಗಿ ಡವ್ ಪ್ಯಾನ್ ಕೊಂಡಿದ್ದೇನೆ. ಒಳಗೆ ಬೆಂಕಿ ಹೊತ್ತಿಸಿ, ಮುಚ್ಚಳ ಮುಚ್ಚಿ, ತೆರೆದಾಗ ರವೆ ಉಂಡೆ, ಚಾಕಲೇಟು ತುಂಬಿರಬೇಕು ಅನ್ನೋದು ನನ್ನ ಆಸೆ. ಅದನ್ನೇ ಮಕ್ಕಳಿಗೆ ಹಂಚಬಹುದಾ? ಪ್ಯಾನ್ ಚೆನ್ನಾಗಿ ತೊಳೆದರೆ ಸಾಕಲ್ವಾ? ಹುಟ್ಟುಹಬ್ಬಕ್ಕೆ ಬರುವವರು 2 ವರ್ಷದಿಂದ 10 ವರ್ಷದ ಮಕ್ಕಳು. ಅದರಲ್ಲಿ ಒಂದು ಮಗುವಿಗೆ ಕಡಲೆಕಾಯಿ ಆಗಲ್ಲ ಎಂದು ತಾಯಿ ಹೇಳಿದ್ದಾರೆ.

ಉತ್ತರ: ಮೇಷ್ಟ್ರೇ, ಆಟ ಖಂಡಿತ ಮಾಡಿ. ಖಾಲಿ ಪಾತ್ರೆಯಿಂದ ತಿಂಡಿ ಬಂದಾಗ ಮಕ್ಕಳು ಕೂಗುವ ಕೂಗು ಬೇರೆ ಯಾವ ಆಟಕ್ಕೂ ಸಿಗುವುದಿಲ್ಲ. ಆದರೆ ನಿಮ್ಮ ಯೋಜನೆಯಲ್ಲಿ ಮೂರು ಬದಲಾವಣೆ ಆಗಲೇಬೇಕು. ಪ್ಯಾನಿನಿಂದ ಬರುವುದೆಲ್ಲ ಸೀಲ್ ಆದ ಪೊಟ್ಟಣದಲ್ಲಿರಬೇಕು, ಇಲ್ಲವೇ ಸಿಪ್ಪೆ ಇರುವ ಇಡೀ ಹಣ್ಣಾಗಿರಬೇಕು. ಬೆಂಕಿ ಬೇಡವೇ ಬೇಡ. ಮಕ್ಕಳು ಅದನ್ನು ತಿನ್ನುವುದು ಆಟ ಮುಗಿದ ಮೇಲೆ, ಕೂತುಕೊಂಡು, ದೊಡ್ಡವರ ಕಣ್ಣೆದುರಿಗೆ. ರವೆ ಉಂಡೆಗೂ ಒಂದು ದಾರಿ ಇದೆ, ಕೊನೆಗೆ ಹೇಳುತ್ತೇನೆ.

ಇದನ್ನು ಜಾದೂ ಮಾಡದವರೂ ಓದುತ್ತಾರೆ. ಹಾಗಾಗಿ ಪ್ಯಾನಿನ ಒಳಗುಟ್ಟನ್ನು ಬಿಡಿಸಿ ಬರೆಯುವುದಿಲ್ಲ. ನಿಮ್ಮ ಕೈಯಲ್ಲಿ ಪ್ಯಾನ್ ಇದೆ, ಸೂಚನೆ ಸಾಕು.

ಮೊದಲು ತೊಳೆಯುವ ವಿಷಯ. ತೊಳೆದರೆ ಸಾಲದು. ಜಾದೂ ಸಾಮಾನು ಮಾಡುವವರು ಅದನ್ನು ಅಡುಗೆ ಪಾತ್ರೆ ಅಂತ ಮಾಡುವುದಿಲ್ಲ. ಅವರಿಗೆ ಬೇಕಾದ್ದು ದೂರಕ್ಕೆ ಕಾಣುವ ಹೊಳಪು ಮತ್ತು ಒಳಗಿನ ಭಾಗ ಕಣ್ಣಿಗೆ ಬೀಳದ ಕೆಲಸ. ನಿಮ್ಮ ಪ್ಯಾನ್ ಅಲ್ಯೂಮಿನಿಯಂನದ್ದೋ, ಕಬ್ಬಿಣದ ತಗಡಿನ ಮೇಲೆ ಹೊಳಪಿನ ಲೇಪ ಕೊಟ್ಟದ್ದೋ ನೋಡಿದ ತಕ್ಷಣ ಹೇಳಲು ಆಗುವುದಿಲ್ಲ. ಖಾಲಿ ಎಂದು ತೋರಿಸಿ ಸಾಮಾನು ತೆಗೆಯುವ ಪ್ರೊಡಕ್ಷನ್ ಬಾಕ್ಸು, ಟ್ಯೂಬುಗಳ ಒಳಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದಿರುತ್ತಾರೆ. ಉಗುರು ತಾಗಿದರೂ ಪುಡಿ ಉದುರುತ್ತದೆ. ಆ ಬಣ್ಣದಲ್ಲಿ ಏನಿದೆ ಎಂದು ಅಂಗಡಿಯವರಿಗೇ ಗೊತ್ತಿರುವುದಿಲ್ಲ. ಬೆಸುಗೆ ಹಾಕಿದ ಜಾಗ ಒಳಗೇ ಇರುತ್ತದೆ. ಅಂಚು ಮಡಚಿದ ಕಡೆ ನೀರು ಕೂರುತ್ತದೆ, ಹಿಂದಿನ ಆಟದ ಹೂವಿನ ಎಸಳು, ಸಕ್ಕರೆ, ಕಾಗದದ ಚೂರು ಅಲ್ಲೇ ಉಳಿಯುತ್ತವೆ. ಹಳೆಯ ಹಿತ್ತಾಳೆ ಸಾಮಾನಾದರೆ ಇನ್ನೊಂದು ತೊಂದರೆ. ನಮ್ಮ ಅಜ್ಜಿಯರು ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ ಮಾಡುತ್ತಿರಲಿಲ್ಲ, ಅಲ್ವಾ? ಹುಳಿ, ಉಪ್ಪು ತಾಗಿದರೆ ಲೋಹ ಊಟಕ್ಕೆ ಇಳಿಯುತ್ತದೆ. ಜಾದೂ ಸಾಮಾನಿಗೆ ಕಲಾಯಿ ಹಾಕಿಸುವವರು ಯಾರೂ ಇಲ್ಲ.

ಈ ಪ್ಯಾನಿಗೆ ಡವ್ ಪ್ಯಾನ್ ಎಂಬ ಹೆಸರು ಬಂದದ್ದೇ ಅದರಿಂದ ಪಾರಿವಾಳ ತೆಗೆಯುತ್ತಿದ್ದರಿಂದ. ಹಕ್ಕಿ ಕೂತಿದ್ದ ಪಾತ್ರೆಯಲ್ಲಿ ತಿಂಡಿ ಇಡಬಾರದು. ಸೆಕೆಂಡ್ ಹ್ಯಾಂಡ್ ಕೊಂಡಿದ್ದರೆ ಅದರಲ್ಲಿ ಮೊದಲು ಏನಿತ್ತೋ ನಿಮಗೆ ತಿಳಿಯದು. ನಿಮ್ಮದು ಹೊಸದು, ಒಳ್ಳೆಯದೇ. ಆದರೆ ಅದರ ಜೊತೆ ಬರುವ ಆಟದ ವಿವರಣೆಗಳಲ್ಲಿ ಹಸಿ ಮೊಟ್ಟೆ ಒಡೆದು ಸುರಿಯುವುದು ತುಂಬಾ ಸಾಮಾನ್ಯ. ಅದನ್ನು ಬಿಟ್ಟುಬಿಡಿ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ವಾಂತಿ ಭೇದಿ ತರುವ ರೋಗಾಣು ಇರಬಹುದು. ಅದು ನಿಮ್ಮ ಬೆರಳಿಗೆ, ಬೆರಳಿನಿಂದ ಪೊಟ್ಟಣಕ್ಕೆ, ಅಲ್ಲಿಂದ ಮಗುವಿನ ಕೈಗೆ ಹೋಗುತ್ತದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮೊಟ್ಟೆ ಒಳಗೆ ತರುವುದೂ ಇಲ್ಲ, ಅದನ್ನೂ ನೆನಪಿಡಿ.

ಬಟ್ಟೆ ಸಾಮಾನು ಇದಕ್ಕಿಂತ ಕಷ್ಟ. ಒಂದು ವಸ್ತು ಹಾಕಿ ಇನ್ನೊಂದು ತೆಗೆಯುವ ಜಾದೂ ಚೀಲ, ಅಂದರೆ ಚೇಂಜ್ ಬ್ಯಾಗನ್ನು ಒಗೆಯುವವರು ಕಡಿಮೆ. ಒಳಗಿನ ಮಖಮಲ್ಲು ಧೂಳು ಹಿಡಿಯುತ್ತದೆ, ಬಣ್ಣ ಬಿಡುತ್ತದೆ. ಬ್ಯಾಗಿನಿಂದ ಬರುವುದಕ್ಕೂ ಪೊಟ್ಟಣದ ನಿಯಮವೇ. ನ್ಯೂಸ್ ಪೇಪರಿನ ಶಂಕುವಿನಿಂದ ಪೆಪ್ಪರಮೆಂಟು ಸುರಿಸುವ ಆಟ ನಿಮಗೆ ಇಷ್ಟವಿದ್ದರೆ ಬಿಳಿ ಡ್ರಾಯಿಂಗ್ ಹಾಳೆ ಬಳಸಿ, ಸುತ್ತಿದ ಪೆಪ್ಪರಮೆಂಟನ್ನೇ ಸುರಿಸಿ (5 ವರ್ಷದ ಒಳಗಿನವರಿದ್ದರೆ ಅದೂ ಬೇಡ). ದಿನಪತ್ರಿಕೆಯ ಶಾಯಿ ತಿಂಡಿಗೆ ಹತ್ತುತ್ತದೆ. ಅದರಲ್ಲಿ ತಿಂಡಿ ಕಟ್ಟಬೇಡಿ ಎಂದು ಆಹಾರ ಸುರಕ್ಷತೆ ನೋಡುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ ಮತ್ತೆ ಮತ್ತೆ ಹೇಳಿದೆ.

ಪೊಟ್ಟಣ ಅಂದ ತಕ್ಷಣ ಆಟ ಸಪ್ಪೆಯಾಗುತ್ತದೆ ಎಂದು ಹೊಸಬರು ಬೇಸರ ಮಾಡಿಕೊಳ್ಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಹಿಂದಿನ ಸಾಲಿನ ಮಗುವಿಗೆ ಕಾಣುವುದು ರಾಶಿ, ಬಣ್ಣ ಮತ್ತು ಮಿನುಗು. ಬಿಡಿ ಚಾಕಲೇಟಿಗಿಂತ ಬಣ್ಣದ ಹೊದಿಕೆಯ ಚಾಕಲೇಟು ಪ್ಯಾನಿನಲ್ಲಿ ಚೆನ್ನಾಗಿ ಕಾಣುತ್ತದೆ, ಉಬ್ಬಿ ಮೇಲೆ ಬರುತ್ತದೆ. ಇನ್ನೊಂದು ಮಾತು. ಸೀಲ್ ಇರುವ ಪೊಟ್ಟಣ ಅಂದರೆ ಒಳಗೆ ಏನಿದೆ ಎಂದು ಓದಬಹುದು. ಬಿಡಿ ತಿಂಡಿಯಲ್ಲಿ ಅದು ಆಗುವುದಿಲ್ಲ.

ಹಣ್ಣಿನ ವಿಷಯಕ್ಕೆ ಒಂದು ಹಳೆಯ ಉದಾಹರಣೆ ಕೊಡುತ್ತೇನೆ. ಬೇಡಿ, ಬೀಗಗಳಿಂದ ತಪ್ಪಿಸಿಕೊಳ್ಳುವ ಆಟಕ್ಕೆ ಹೆಸರಾದ ಹೂಡಿನಿ ತನ್ನ ಹೆಸರು ಎರವಲು ಪಡೆದದ್ದು ಫ್ರಾನ್ಸಿನ ಜಾದೂಗಾರ ರಾಬರ್ಟ್ ಹೂಡಿನ್‌ನಿಂದ. ಆತ 1845ರಲ್ಲಿ ಪ್ಯಾರಿಸ್ಸಿನ ಪ್ಯಾಲೆ ರಾಯಲ್‌ನಲ್ಲಿ ಸ್ವಂತ ರಂಗಮಂದಿರ ತೆರೆದ. ಆತನ ಹೆಸರಾಂತ ಆಟಗಳಲ್ಲಿ ಒಂದು ಕಿತ್ತಳೆ ಗಿಡ. ಪುಟ್ಟ ಗಿಡ ಎಲ್ಲರ ಮುಂದೆ ಹೂ ಬಿಡುತ್ತಿತ್ತು, ಹಣ್ಣು ಬಿಡುತ್ತಿತ್ತು. ಆ ಹಣ್ಣುಗಳನ್ನು ಕಿತ್ತು ಪ್ರೇಕ್ಷಕರಿಗೆ ಕೊಡುತ್ತಿದ್ದ. ಅವು ನಿಜವಾದ ಕಿತ್ತಳೆ. ಕೊನೆಯ ಒಂದು ಹಣ್ಣು ಮಾತ್ರ ಯಂತ್ರದ್ದು, ಅದು ತೆರೆದುಕೊಂಡು ಒಳಗಿನಿಂದ ಚಿಟ್ಟೆಗಳು ಕರವಸ್ತ್ರವನ್ನು ಎತ್ತಿ ಹಿಡಿಯುತ್ತಿದ್ದವು. ನಮ್ಮ ಬೀದಿಯ ಗಾರುಡಿಗರು ಬುಟ್ಟಿಯ ಕೆಳಗೆ ಮಾವಿನ ಗಿಡ ಬೆಳೆಸುತ್ತಿದ್ದದ್ದೂ ಇಂಥದ್ದೇ ಆಟ. ಸಿಪ್ಪೆ ಇರುವ ಹಣ್ಣಿಗೆ ಹೊದಿಕೆ ಹುಟ್ಟಿನಿಂದಲೇ ಇದೆ. ಏಲಕ್ಕಿ ಬಾಳೆಹಣ್ಣು ನಿಮ್ಮ ಪ್ಯಾನಿಗೆ ಹೇಳಿ ಮಾಡಿಸಿದ ಅಳತೆ. ಚಿಪ್ಪಿನಿಂದ ಒಂದೊಂದೇ ಬಿಡಿಸುವಾಗ ತೊಟ್ಟು ಕಿತ್ತು ಬರದಂತೆ ಕತ್ತರಿಯಲ್ಲಿ ಕತ್ತರಿಸಿ, ಸಿಪ್ಪೆ ಸೀಳಿದ್ದನ್ನು ತೆಗೆದಿಡಿ. ಶಾಲೆಯ ಆಟಕ್ಕಂತೂ ನಾನು ಬಾಳೆಹಣ್ಣನ್ನೇ ಹೇಳುತ್ತೇನೆ. ಮೊಟ್ಟೆ ತಿನ್ನದ ಮಕ್ಕಳಿಗೆ ಶಾಲೆಯಲ್ಲಿ ಬಾಳೆಹಣ್ಣು ಕೊಡುವ ರೂಢಿ ಇದ್ದೇ ಇದೆ. ಮಕ್ಕಳಿಗೆ ಅದು ಪರಿಚಯದ ಹಣ್ಣು, ಮನೆಯವರೂ ಒಪ್ಪುತ್ತಾರೆ. ದ್ರಾಕ್ಷಿ ಮಾತ್ರ ಬೇಡ. ಯಾಕೆ ಅಂತ ಮುಂದೆ ಬರುತ್ತದೆ.

ಬೇಕರಿಯ ಕ್ರೀಮ್ ಕೇಕು, ಪೇಡ, ಖೋವಾದ ಸಿಹಿ, ಹಾಲಿನ ಬರ್ಫಿ ಇವುಗಳನ್ನು ಪ್ಯಾನಿನ ಹತ್ತಿರವೂ ತರಬೇಡಿ. ಇವು ಹೊರಗಿನ ಶಾಖದಲ್ಲಿ ಬೇಗ ಕೆಡಬಹುದು, ಬಿಸಿಲು ಕಾಲದಲ್ಲಿ ಇನ್ನೂ ಬೇಗ. ನಿಮ್ಮ ಲೋಡ್, ಅಂದರೆ ಪ್ಯಾನಿನಿಂದ ಬರಬೇಕಾದ ಸಾಮಾನು, ಆಟಕ್ಕೆ ಮುಂಚೆಯೇ ತಯಾರಾಗಿರಬೇಕು. ಆಟ ಯಾವತ್ತಾದರೂ ಹೇಳಿದ ಹೊತ್ತಿಗೆ ಶುರುವಾಗುತ್ತದಾ? ಹುಟ್ಟುಹಬ್ಬದಲ್ಲಿ ಅತ್ತೆ ಮನೆಯವರು ಬರಬೇಕು, ಶಾಲೆಯಲ್ಲಿ ಮುಖ್ಯ ಅತಿಥಿ ಬರಬೇಕು, ಭಾಷಣ ಮುಗಿಯಬೇಕು. ಅಷ್ಟು ಹೊತ್ತು ಮುಚ್ಚಿದ ಲೋಹದ ಪಾತ್ರೆಯಲ್ಲಿ ಹಾಲಿನ ಸಿಹಿ ಕೂತಿರುತ್ತದೆ. ಚಾಕಲೇಟು ಕೂಡ 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆತ್ತಗಾಗಲು ಶುರು. ಬಿಸಿಲಲ್ಲಿ ನಿಂತ ಕಾರಿನಲ್ಲಿ ಪೆಟ್ಟಿಗೆ ಇಟ್ಟರೆ ಮುಗಿಯಿತು, ಕರಗಿ ಹೊದಿಕೆಯಿಂದ ಹೊರಬರುತ್ತದೆ. 5 ರೂಪಾಯಿಯ ಬಿಸ್ಕತ್ತಿನ ಪೊಟ್ಟಣ ಇದ್ಯಾವ ತೊಂದರೆಯನ್ನೂ ಕೊಡುವುದಿಲ್ಲ. ಪ್ಯಾನಿನಲ್ಲಿ ನಿಲ್ಲಿಸಿ ಜೋಡಿಸಿದರೆ ಸಾಕಷ್ಟು ಹಿಡಿಯುತ್ತದೆ.

ಇನ್ನು ಗಂಟಲಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ನನ್ನ ಪ್ರಕಾರ ನಿಮ್ಮ ಪ್ರಶ್ನೆಯಲ್ಲಿ ಅತಿ ದೊಡ್ಡ ಅಪಾಯ ಇರುವುದು ಪ್ಯಾನಿನಲ್ಲಿ ಅಲ್ಲ, ಮಕ್ಕಳ ವಯಸ್ಸಿನಲ್ಲಿ. 2 ವರ್ಷದ ಮಗುವಿಗೆ ಅಗಿಯುವ ದವಡೆ ಹಲ್ಲು ಪೂರ್ತಿ ಬಂದಿರುವುದಿಲ್ಲ. ಉಸಿರಿನ ಕೊಳವೆ ಬಹಳ ಸಣ್ಣದು. ದುಂಡಗೆ, ಗಟ್ಟಿಯಾಗಿ ಅಥವಾ ಜಾರುವಂತೆ ಇರುವುದು ಅಲ್ಲಿ ಬಿರಡೆಯಾಗಿ ಕೂರಬಹುದು. ಮಕ್ಕಳ ಶ್ವಾಸನಾಳದಿಂದ ನಮ್ಮ ವೈದ್ಯರು ಹೊರತೆಗೆಯುವ ವಸ್ತುಗಳಲ್ಲಿ ಕಡಲೆಕಾಯಿ ಬೀಜವೇ ಮುಂಚೂಣಿಯಲ್ಲಿದೆ. ಪೆಪ್ಪರಮೆಂಟು, ಇಡೀ ದ್ರಾಕ್ಷಿ, ಪಾಪ್‌ಕಾರ್ನ್, ಗಟ್ಟಿ ಚಿಕ್ಕಿ, ಮಾರ್ಷ್‌ಮೆಲ್ಲೋ, ಪುಟ್ಟ ಕಪ್ಪಿನ ಜೆಲ್ಲಿ ಎಲ್ಲವೂ 5 ವರ್ಷದ ಒಳಗಿನವರಿಗೆ ಬೇಡದ ಪಟ್ಟಿಯಲ್ಲಿ ಬರುತ್ತವೆ. ಬಾಯಿಗೆ ಹಿಂಡಿಕೊಂಡು ಹೀರುವ ಜೆಲ್ಲಿ ಕಪ್ಪು ತೀರಾ ಕೆಟ್ಟದ್ದು. ಕೊಂಜಾಕ್ ಎಂಬ ಗೆಡ್ಡೆಯ ಪುಡಿ ಹಾಕಿದ ಅಂಥ ಕಪ್ಪುಗಳನ್ನು ಐರೋಪ್ಯ ಒಕ್ಕೂಟ 2002ರಲ್ಲೇ ತಡೆಯಿತು, ಮಕ್ಕಳು ಉಸಿರುಗಟ್ಟಿ ಸತ್ತ ಕಾರಣಕ್ಕೆ.

ಜಾದೂ ಆಟದಲ್ಲಿ ಇದಕ್ಕೆ ಇನ್ನೊಂದು ಅಪಾಯ ಸೇರುತ್ತದೆ. ನಾವು ಮಾಡುವ ಕೆಲಸವೇ ಮಕ್ಕಳನ್ನು ನಗಿಸುವುದು, ಬೆಚ್ಚಿ ಬೀಳಿಸುವುದು. ಅಚ್ಚರಿಯಾದಾಗ ಮಗು ಬಾಯಿ ತೆರೆದು ಒಮ್ಮೆಲೇ ಉಸಿರು ಒಳಗೆ ಎಳೆದುಕೊಳ್ಳುತ್ತದೆ. ಆ ಹೊತ್ತಿಗೆ ಬಾಯಲ್ಲಿ ಪೆಪ್ಪರಮೆಂಟು ಇದ್ದರೆ ಅದು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿ. ಅದಕ್ಕೇ ಆಟ ನಡೆಯುವಾಗ ಯಾವ ಮಗುವಿನ ಬಾಯಲ್ಲೂ ಏನೂ ಇರಬಾರದು. ಸಹಾಯಕ್ಕೆ ಬಂದ ಮಗುವಿಗೆ ನಡುವೆ ಚಾಕಲೇಟು ಕೊಡುವ ಅಭ್ಯಾಸ ನಮ್ಮಲ್ಲಿ ಇದೆ. ಅದನ್ನು ಬಿಟ್ಟು ಸ್ಟಿಕ್ಕರ್ ಕೊಡಿ, ಕಾಗದದ ಕಿರೀಟ ಕೊಡಿ. ತಿಂಡಿ ಬರುವ ಆಟ ಯಾವಾಗಲೂ ಕೊನೆಯದಾಗಿರಲಿ. ಆಟಕ್ಕೆ ಮುಂಚೆ ಮನೆಯವರಿಗೆ ಚಿಪ್ಸು, ಪಾಪ್‌ಕಾರ್ನ್ ತಟ್ಟೆಗಳನ್ನು ಒಳಗೆ ಇಡಲು ಹೇಳಿ. ಅವರು ಮಕ್ಕಳು ಸುಮ್ನೆ ಕೂರಲಿ ಎಂದು ಕೊಡುತ್ತಾರೆ, ತಪ್ಪು ತಿಳಿಯಬೇಡಿ, ನಯವಾಗಿ ಹೇಳಿ. ಲಾಲಿಪಾಪ್ ಹಿಡಿದು ಓಡುವ ಮಗು ಬಿದ್ದರೆ ಕಡ್ಡಿ ಅಂಗುಳಕ್ಕೆ ಚುಚ್ಚುತ್ತದೆ, ಹಾಗಾಗಿ ಲಾಲಿಪಾಪೂ ಬೇಡ.

ದೊಡ್ಡ ಬಲೂನಿನೊಳಗೆ ಚಾಕಲೇಟು, ಥರ್ಮಾಕೋಲ್ ಗುಂಡು ತುಂಬಿ ಸೂಜಿಯಿಂದ ಒಡೆಯುವ ಆಟ ಈಗ ಪ್ರತಿ ಹುಟ್ಟುಹಬ್ಬದಲ್ಲೂ ಇದೆ. ನಿಮ್ಮನ್ನೇ ಕರೆದು ಒಡೆಯಲು ಹೇಳಬಹುದು. ದಯವಿಟ್ಟು ಒಪ್ಪಬೇಡಿ. ಒಡೆದ ಬಲೂನಿನ ರಬ್ಬರ್ ಚೂರು ಗಂಟಲಿಗೆ ಅಂಟಿಕೊಂಡರೆ ಕೆಮ್ಮಿದರೂ ಸುಲಭವಾಗಿ ಬರುವುದಿಲ್ಲ. ನೆಲದ ಮೇಲೆ ರಬ್ಬರ್ ಚೂರು, ಥರ್ಮಾಕೋಲ್ ಗುಂಡು, ಚಾಕಲೇಟು ಒಟ್ಟಿಗೆ ಬಿದ್ದಿರುವಾಗ 2 ವರ್ಷದ ಮಗು ಯಾವುದನ್ನು ಆರಿಸಿ ಬಾಯಿಗೆ ಹಾಕುತ್ತದೋ ಯಾರು ನೋಡುತ್ತಾರೆ? ದೊಡ್ಡ ಮಕ್ಕಳು ಮೇಲೆ ಬಿದ್ದು ಸಣ್ಣವರ ಕೈ ತುಳಿಯುತ್ತಾರೆ. ಪ್ಯಾನಿನಿಂದ ಬಂದ ಚಾಕಲೇಟನ್ನು ಸಭೆಯ ಮೇಲೆ ತೂರುವುದೂ ಇದೇ ಕಾರಣಕ್ಕೆ ಬೇಡ. ಕಣ್ಣಿಗೂ ಏಟು ಬೀಳುತ್ತದೆ.

ಎಲ್ಲ ಎಚ್ಚರಿಕೆಯ ನಂತರವೂ ಗಂಟಲಲ್ಲಿ ಸಿಕ್ಕಿಕೊಂಡರೆ ಏನು ಮಾಡಬೇಕು ಎಂದು ಮಕ್ಕಳ ಮುಂದೆ ನಿಲ್ಲುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಮೇಷ್ಟ್ರಾದ ನಿಮಗಂತೂ ಶಾಲೆಯಲ್ಲೂ ಬೇಕಾಗುತ್ತದೆ. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ಬೆನ್ನು ಗುದ್ದಬೇಡಿ, ನೀರು ಕುಡಿಸಬೇಡಿ. ಕೆಮ್ಮು, ಅಳು, ಮಾತು ಯಾವುದೂ ಹೊರಡದಿದ್ದರೆ ತಕ್ಷಣ ಕೈ ಹಾಕಿ. 1 ವರ್ಷ ದಾಟಿದ ಮಗುವನ್ನು ಮುಂದಕ್ಕೆ ಬಗ್ಗಿಸಿ, ಎರಡು ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಸಲ ಜೋರಾಗಿ ಹೊಡೆಯಿರಿ. ಬರಲಿಲ್ಲವೆಂದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗೆ ಸ್ವಲ್ಪ ಮೇಲೆ ಮುಷ್ಟಿ ಇಟ್ಟು, ಒಳಗೆ ಮತ್ತು ಮೇಲಕ್ಕೆ 5 ಸಲ ಒತ್ತಿ. ವಸ್ತು ಹೊರಬರುವ ತನಕ ಇದನ್ನೇ ಒಂದರ ನಂತರ ಒಂದು ಮಾಡಿ. 1 ವರ್ಷದ ಒಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು. ತಲೆ ತಗ್ಗಿರುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ ಬೆನ್ನಿಗೆ 5 ಏಟು, ಆಮೇಲೆ ಅಂಗಾತ ಮಾಡಿ ಎದೆಯ ನಡುವೆ 5 ಸಲ ಒತ್ತು. ಕಾಣದ ವಸ್ತುವಿಗಾಗಿ ಬಾಯಿಯೊಳಗೆ ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ನೀವು ಇದನ್ನು ಮಾಡುವಾಗಲೇ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಮಗುವಿಗೆ ಪ್ರಜ್ಞೆ ತಪ್ಪಿದರೆ ಸಿಪಿಆರ್, ಅಂದರೆ ಎದೆ ಒತ್ತಿ ಉಸಿರು ಕೊಡುವುದನ್ನು ಶುರು ಮಾಡಬೇಕು. ಅದನ್ನು ಓದಿ ಕಲಿಯಲು ಆಗುವುದಿಲ್ಲ, ಒಂದು ತರಬೇತಿಗೆ ಹೋಗಿ ಬನ್ನಿ. ಕೆಮ್ಮಿ ಸರಿಹೋಯಿತು ಎಂದುಕೊಂಡ ಮಗು ಆಮೇಲೂ ಕೆಮ್ಮುತ್ತಿದ್ದರೆ, ಉಸಿರಲ್ಲಿ ಸುಯ್ ಸುಯ್ ಶಬ್ದ ಬಂದರೆ ಅದೇ ದಿನ ವೈದ್ಯರಿಗೆ ತೋರಿಸಿ. ಕಡಲೆಕಾಯಿ ಚೂರು ಒಳಗೇ ಉಳಿದಿರಬಹುದು.

ಕಡಲೆಕಾಯಿ ಆಗದ ಮಗುವಿನ ವಿಷಯಕ್ಕೆ ಬರೋಣ. ಆ ತಾಯಿ ಮೊದಲೇ ಹೇಳಿದ್ದು ನಿಮ್ಮ ಪುಣ್ಯ. ಅಲರ್ಜಿ ಜೋರಾಗಿರುವ ಮಕ್ಕಳಿಗೆ ಬೀಜವೇ ಬೇಕಿಲ್ಲ, ಪುಡಿ ತಾಗಿದ ಕೈ ಸಾಕು. ಹಾಗಾಗಿ ಆ ಮಗುವಿಗೆ ಬೇರೆ, ಉಳಿದವರಿಗೆ ಚಿಕ್ಕಿ ಎಂಬ ಲೆಕ್ಕ ಬೇಡ. ಎಲ್ಲರಿಗೂ ಕಡಲೆಕಾಯಿ ಇಲ್ಲದ್ದನ್ನೇ ತನ್ನಿ. ಒಂದು ಮಗುವಿಗೆ ಮಾತ್ರ ಬೇರೆ ತಿಂಡಿ ಕೊಟ್ಟಾಗ ಅದು ಹೇಗೆ ತಲೆ ತಗ್ಗಿಸಿ ಕೂರುತ್ತದೆ ಎಂದು ನೀವು ತರಗತಿಯಲ್ಲಿ ನೋಡಿರುತ್ತೀರಿ. ಪೊಟ್ಟಣದ ಹಿಂಭಾಗದಲ್ಲಿ ಅಲರ್ಜಿ ತರುವ ಪದಾರ್ಥಗಳ ಸಾಲು ಇರುತ್ತದೆ: ಗೋಧಿ, ಹಾಲು, ಸೋಯಾ, ಕಡಲೆಕಾಯಿ, ಗೋಡಂಬಿಯಂಥ ಬೀಜಗಳು. ಅದರ ಕೆಳಗೇ ‘ಇದರ ಅಂಶ ಇರಬಹುದು’ ಎಂಬ ಇನ್ನೊಂದು ಸಾಲು ಇರಬಹುದು. ಎರಡನೆಯದನ್ನು ಯಾರೂ ಓದುವುದಿಲ್ಲ. ಅದರಲ್ಲಿ ಕಡಲೆಕಾಯಿ ಎಂದಿದ್ದರೆ, ಒಂದೇ ಯಂತ್ರದಲ್ಲಿ ಕಡಲೆಕಾಯಿ ತಿಂಡಿಯನ್ನೂ ಮಾಡಿರಬಹುದು ಎಂದು ಅರ್ಥ. ಪೊಟ್ಟಣದ ಎರಡೂ ಬದಿಯ ಫೋಟೋ ತೆಗೆದು ಆ ತಾಯಿಗೆ ವಾಟ್ಸಾಪ್ ಮಾಡಿ, ಅವರು ಸರಿ ಎಂದ ಮೇಲೆ ಕೊಳ್ಳಿ. ಆಟದ ದಿನ ಮಗುವಿನ ಮೈ ಮೇಲೆ ದದ್ದು ಎದ್ದರೆ, ತುಟಿ ಊದಿದರೆ, ಪದೇ ಪದೇ ವಾಂತಿಯಾದರೆ ಅಥವಾ ಉಸಿರು ಕಟ್ಟಿದರೆ ಮನೆಮದ್ದು ನೋಡುತ್ತಾ ಕೂರಬಾರದು, ಆಸ್ಪತ್ರೆಗೆ ಹೊರಡಬೇಕು.

ಅದೇ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯೇ ನೋಡಿ. ಮಾರ್ಷ್‌ಮೆಲ್ಲೋ, ರಬ್ಬರಿನಂತೆ ಜಗಿಯುವ ಗಮ್ಮಿಗಳಲ್ಲಿ ಎಷ್ಟೋ ಸಲ ಜಿಲೆಟಿನ್ ಇರುತ್ತದೆ. ಅದು ಪ್ರಾಣಿಗಳ ಮೂಳೆ, ಚರ್ಮದಿಂದ ಬರುವುದು. ಅಂಥದ್ದರ ಮೇಲೆ ಕಂದು ತ್ರಿಕೋನ ಇರುತ್ತದೆ. ತಿಳಿಯದೆ ಕೊಟ್ಟರೆ ಒಂದು ಮನೆಯ ನಂಬಿಕೆಗೆ ನೋವಾಗುತ್ತದೆ. ಬಣ್ಣ ಕಣ್ಣಿಗೆ ಹೊಡೆಯುವ ಬಿಡಿ ಮಿಠಾಯಿ, ಜಾತ್ರೆಯ ಬೊಂಬಾಯಿ ಮಿಠಾಯಿ ಕೂಡ ಬೇಡ. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಕಾಟನ್ ಕ್ಯಾಂಡಿ ಮತ್ತು ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದು ರೋಡಮಿನ್-ಬಿ ಎಂಬ ಬಟ್ಟೆಯ ಬಣ್ಣ ಸಿಕ್ಕಿದ ಮೇಲೆ. ಟೈಪ್ 1 ಡಯಾಬಿಟಿಸ್ ಇರುವ ಮಗುವಿದ್ದರೆ ಪೊಟ್ಟಣವನ್ನು ತಾಯಿಯ ಕೈಗೆ ಕೊಡಿ, ಯಾವಾಗ ಎಷ್ಟು ಎಂದು ಅವರು ನೋಡಿಕೊಳ್ಳುತ್ತಾರೆ.

ಬೆಂಕಿ ಬೇಡ ಎಂದೆನಲ್ಲ, ಅದಕ್ಕೆ ಕಾರಣ ಹೇಳಬೇಕು. ಪ್ಯಾನಿನಲ್ಲಿ ಲೈಟರ್ ಎಣ್ಣೆಯನ್ನೋ ಸ್ಪಿರಿಟ್ಟನ್ನೋ ಸುರಿದು ಹಚ್ಚುತ್ತಾರೆ. ಸ್ಪಿರಿಟ್ಟಿನ ಉರಿ ಹಗಲಿನಲ್ಲಿ ಸರಿಯಾಗಿ ಕಾಣುವುದೂ ಇಲ್ಲ. ಜಾದೂಗಾರರು ಬೆಂಕಿಯ ಮಿಂಚಿಗೆ ಬಳಸುವ ಫ್ಲಾಶ್ ಪೇಪರ್ ಎಂಬ ಕಾಗದ ಒಣಗಿದಾಗ ಕಿಡಿ ತಾಗಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಉರಿದುಹೋಗುತ್ತದೆ. ನಿಮ್ಮ ಮುಂದೆ ಕೂತಿರುವವರು ನೈಲಾನ್ ಫ್ರಾಕು ಹಾಕಿದ ಮಕ್ಕಳು, ಮೇಲೆ ಬಟ್ಟೆಯ ಶಾಮಿಯಾನ, ಸುತ್ತ ಕ್ರೇಪ್ ಕಾಗದದ ಅಲಂಕಾರ. ಕೇಕ್ ಕತ್ತರಿಸುವಾಗ ಚಿಮ್ಮಿಸುವ ಸ್ನೋ ಸ್ಪ್ರೇ ಕ್ಯಾನುಗಳಲ್ಲಿ ಹೊತ್ತಿಕೊಳ್ಳುವ ಅನಿಲ ಇರುತ್ತದೆ. ಯಾರೋ ಹುಡುಗ ನಿಮ್ಮ ಕಡೆ ಒತ್ತಿದರೆ ಮುಗಿಯಿತು. ತಿಂಡಿಯ ದೃಷ್ಟಿಯಿಂದಲೂ ಅದು ಕೆಟ್ಟದ್ದೇ: ಉರಿದ ಎಣ್ಣೆಯ ವಾಸನೆ, ಮಸಿ, ಕಾದ ಲೋಹ, ಕಾದ ಹೊದಿಕೆ. ಮಕ್ಕಳು ಮನೆಗೆ ಹೋಗಿ ಪಾತ್ರೆಗೆ ಬೆಂಕಿ ಹಚ್ಚಿ ಮುಚ್ಚಳ ಹಾಕಿದರೆ ತಿಂಡಿ ಬರುತ್ತದೆ ಎಂದು ಪ್ರಯತ್ನ ಮಾಡಬಹುದು, ಅದನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ.

ಹೊಗೆ ಬರಿಸುವ ಆಸೆಗೆ ಡ್ರೈ ಐಸ್, ದ್ರವ ಸಾರಜನಕ ತರುವವರೂ ಈಗ ಹೆಚ್ಚಾಗಿದ್ದಾರೆ. ಡ್ರೈ ಐಸ್ ಅಂದರೆ ಹೆಪ್ಪುಗಟ್ಟಿದ ಇಂಗಾಲದ ಡೈಆಕ್ಸೈಡ್, ಅದು ಮೈನಸ್ 78 ಡಿಗ್ರಿ, ದ್ರವ ಸಾರಜನಕ ಮೈನಸ್ 196. 2024ರ ಮಾರ್ಚಿನಲ್ಲಿ ಗುರುಗ್ರಾಮದ ಹೋಟೆಲೊಂದರಲ್ಲಿ ಊಟವಾದ ಮೇಲೆ ಬಾಯಿ ಫ್ರೆಶ್ ಮಾಡಿಕೊಳ್ಳಲು ಎಂದು ಡ್ರೈ ಐಸ್ ಕೊಟ್ಟಿದ್ದರು. ಅದನ್ನು ಬಾಯಿಗೆ ಹಾಕಿದವರು ರಕ್ತ ಕಾರಿಕೊಂಡರು. ಅದೇ ವರ್ಷ ದಾವಣಗೆರೆಯಲ್ಲಿ ದ್ರವ ಸಾರಜನಕ ಹಾಕಿದ ಹೊಗೆ ಬಿಸ್ಕತ್ತು ತಿಂದು ಬಾಲಕನೊಬ್ಬ ಒದ್ದಾಡಿದ ವಿಡಿಯೊವನ್ನು ನೀವೂ ನೋಡಿರಬಹುದು. ಆಮೇಲೆ ನಮ್ಮ ರಾಜ್ಯದಲ್ಲಿ ತಿಂಡಿಯ ಜೊತೆ ದ್ರವ ಸಾರಜನಕ ಬಳಸದಂತೆ ಆದೇಶ ಬಂತು.

ಬೆಂಕಿಯ ಬದಲು ಏನು? ಒಂದು ಆಟದ ಕ್ರಮ ಕೊಡುತ್ತೇನೆ, ಬೇಕಾದರೆ ಬಳಸಿ. ಮಕ್ಕಳಿಗೆ ಸಣ್ಣ ಚೀಟಿ ಕೊಟ್ಟು ತಮಗಿಷ್ಟವಾದ ತಿಂಡಿಯ ಚಿತ್ರ ಬರೆಯಲು ಹೇಳಿ. ಮೈಸೂರು ಪಾಕು, ಐಸ್‌ಕ್ರೀಮು, ಜಿಲೇಬಿ, ಏನು ಬೇಕಾದರೂ ಬರೆಯಲಿ. ಚೀಟಿಗಳನ್ನು ಹರಿದು ಪ್ಯಾನಿಗೆ ಹಾಕಿ. ಮೇಲೆ ಕೆಂಪು, ಹಳದಿ ಜರಿ ಕಾಗದ ಸುರಿದು ‘ಒಲೆ ಹೊತ್ತಿತು’ ಅನ್ನಿ. ಒಲೆಗೆ ಶಾಖ ಕೊಡಬೇಕಾದವರು ಮಕ್ಕಳೇ: ಎಲ್ಲರೂ ಅಂಗೈ ಉಜ್ಜಿ ಬಿಸಿ ಮಾಡಿ ನಿಮ್ಮ ಕಡೆ ಎಸೆಯಬೇಕು. ಸಾಲದು, ಇನ್ನೂ ಬಿಸಿ ಬೇಕು ಅನ್ನಿ. ಇಡೀ ಕೋಣೆ ಕೆಲಸ ಮಾಡುತ್ತದೆ. ಆಮೇಲೆ ಮುಚ್ಚಳ ಮುಚ್ಚಿ, ಗಿಲಿ ಗಿಲಿ ಅನ್ನಿಸಿ, ತೆರೆಯಿರಿ. ಬೆಂಕಿ ಹಚ್ಚಿದರೆ ಮಕ್ಕಳು ನಿಮ್ಮನ್ನು ನೋಡುತ್ತಾ ಕೂರುತ್ತಾರೆ. ಇಲ್ಲಿ ತಿಂಡಿ ಬೇಯಿಸಿದ್ದು ತಾವೇ ಎಂಬ ಖುಷಿ ಅವರಿಗೆ. ನನಗೆ ಇದೇ ಚೆನ್ನಾಗಿ ಕಾಣುತ್ತದೆ.

ಲೆಕ್ಕ ತಪ್ಪಬೇಡಿ. ಎಷ್ಟು ಮಕ್ಕಳೋ ಅಷ್ಟನ್ನೂ ಪ್ಯಾನ್ ಹಿಡಿಯುವುದಿಲ್ಲ. ಅರ್ಧ ಮಕ್ಕಳಿಗೆ ಸಿಕ್ಕಿ ಉಳಿದವರಿಗೆ ಸಿಗದಿದ್ದರೆ ನಿಮ್ಮ ಎಲ್ಲ ಆಟವೂ ಅಳುವಿನಲ್ಲಿ ಮುಗಿಯುತ್ತದೆ. ಪ್ಯಾನಿನಿಂದ ಬಂದದ್ದನ್ನು ಎಲ್ಲರಿಗೂ ತೋರಿಸಿ, ಅದನ್ನು ಮನೆಯೊಡತಿಯ ಕೈಗೆ ಕೊಡಿ. ಅವರು ಒಳಗಿಂದ ಅದೇ ಪೊಟ್ಟಣಗಳು ತುಂಬಿದ ದೊಡ್ಡ ತಟ್ಟೆ ತಂದು, ಎರಡನ್ನೂ ಸೇರಿಸಿ, ಕೂತ ಮಕ್ಕಳಿಗೆ ಹಂಚಲಿ. ಬರುವವರ ಲೆಕ್ಕಕ್ಕಿಂತ ಹತ್ತು ಹೆಚ್ಚಿಗೆ ಇರಲಿ, ಅಕ್ಕಪಕ್ಕದ ಮಕ್ಕಳು ಬಂದೇ ಬರುತ್ತಾರೆ.

ಇನ್ನು ನಿಮ್ಮ ಪೆಟ್ಟಿಗೆ. ತಿಂಡಿಯ ಆಟ ಇರುವ ದಿನ ಅದರೊಳಗಿನ ಕೆಲವು ಸಾಮಾನನ್ನು ಮನೆಯಲ್ಲೇ ಬಿಟ್ಟು ಬನ್ನಿ. ಹೆಬ್ಬೆರಳಿಗೆ ಹಾಕುವ, ಮಿಣುಕುವ ಥಂಬ್ ಟಿಪ್‌ನಲ್ಲಿ ಬಟನ್ ಸೆಲ್ ಎಂಬ ಗುಂಡಿಯಾಕಾರದ ಪುಟ್ಟ ಬ್ಯಾಟರಿ ಇರುತ್ತದೆ. ಮಗು ಅದನ್ನು ನುಂಗಿದರೆ ಕೆಲವೇ ಗಂಟೆಯಲ್ಲಿ ಅನ್ನನಾಳ ಸುಡುತ್ತದೆ. ಜೋರಾದ ಪುಟ್ಟ ಅಯಸ್ಕಾಂತಗಳನ್ನು ಎರಡು ನುಂಗಿದರೆ ಅವು ಕರುಳಿನ ಎರಡು ಕಡೆಯಿಂದ ಒಂದನ್ನೊಂದು ಎಳೆದು ತೂತು ಮಾಡುತ್ತವೆ. ಲೋಟದ ನೀರು ಮಾಯ ಮಾಡುವ ಬಿಳಿ ಪುಡಿ ಒದ್ದೆಯಾದ ಮೇಲೆ ಥೇಟ್ ಜೆಲ್ಲಿಯಂತೆ ಕಾಣುತ್ತದೆ. ಹಾಲಿನ ಜಗ್ ಆಟಕ್ಕೆ ಹಾಲಲ್ಲದ ಬಿಳಿ ದ್ರವ ತುಂಬುವವರಿದ್ದಾರೆ. ಕೆಂಪು ಸ್ಪಂಜ್ ಬಾಲ್ ಸಣ್ಣವರಿಗೆ ಮಿಠಾಯಿಯೇ. ನಿಜವಾದ ತಿಂಡಿ ಬಂದ ಮೇಜಿನ ಮೇಲೆ ಇವು ಇದ್ದರೆ ಎಲ್ಲವೂ ತಿಂಡಿ ಎಂದೇ ಮಗು ತಿಳಿಯುತ್ತದೆ. ಆಟ ಮುಗಿದ ಕೂಡಲೇ ಮಕ್ಕಳು ನಿಮ್ಮ ಮೇಜಿಗೆ ಮುತ್ತಿಗೆ ಹಾಕುತ್ತಾರೆ. ಪೆಟ್ಟಿಗೆಗೆ ಬೀಗ ಹಾಕಿಯೇ ತಿಂಡಿ ಹಂಚಲು ಹೇಳಿ.

ಮಗುವಿನ ಕಿವಿಯಿಂದ, ಮೂಗಿನಿಂದ ಪೆಪ್ಪರಮೆಂಟು ತೆಗೆದು ಅದನ್ನೇ ತಿನ್ನಲು ಕೊಡುವ ಆಟವೂ ಬೇಡ, ನಿಮ್ಮ ಬಾಯಿಂದ ಏನನ್ನಾದರೂ ಎಳೆಯುವ ಆಟವೂ ಬೇಡ. ಸಣ್ಣ ಮಕ್ಕಳು ಮೂಗಿಗೆ ಕಾಳು ಹಾಕಿಕೊಂಡು ಬರುವುದು ನಿಮಗೆ ಹೊಸದಲ್ಲ, ನಾವು ಅದನ್ನು ಕಲಿಸುವುದು ಬೇಡ.

ಆಟದ ದಿನ ಲೋಡ್ ಮಾಡುವ ಮುಂಚೆ ಸೋಪಿನಲ್ಲಿ ಕೈ ತೊಳೆಯಿರಿ. ನೋಟು, ಇಸ್ಪೀಟು, ಹಗ್ಗ, ಮೇಣ ಮುಟ್ಟಿದ ಕೈ ಅದು. ಪ್ಯಾನಿನೊಳಗೆ ಬೇಕರಿಯವರು ಬಳಸುವ ಬಟರ್ ಪೇಪರ್ ಹಾಸಿ. ಸದ್ದೂ ಕಡಿಮೆಯಾಗುತ್ತದೆ, ಪೊಟ್ಟಣ ಲೋಹಕ್ಕೆ ತಾಗುವುದೂ ಇಲ್ಲ. ಪ್ಯಾನನ್ನು ನೆಲದ ಮೇಲೆ ಇಡಬೇಡಿ, ಇರುವೆ ಬರಲು ಹತ್ತು ನಿಮಿಷ ಸಾಕು. ಹರಿದ ಪೊಟ್ಟಣ ಒಂದೇ ಇದ್ದರೂ ತೆಗೆದು ಬಿಸಾಡಿ.

ಈಗ ರವೆ ಉಂಡೆ. ಮನೆಯಲ್ಲಿ ಪ್ರೀತಿಯಿಂದ ಕಟ್ಟಿದ ಉಂಡೆಯನ್ನು ಬಿಟ್ಟು ಅಂಗಡಿ ಬಿಸ್ಕತ್ತು ಹಂಚುವುದು ನಿಮಗೆ ಬೇಸರ ತರುತ್ತದೆ ಎಂದು ಗೊತ್ತು. ಉಂಡೆಯೂ ಬರಲಿ, ಆದರೆ ನೀವು ಮುಟ್ಟದೆ ಬರಲಿ. ಅದು ಪ್ಯಾನಿನಿಂದ ಬರಬೇಕೆಂದೇನೂ ಇಲ್ಲ. ಅಡುಗೆ ಮಾಡಿದವರು ತಮ್ಮ ಸ್ವಂತ ಸ್ಟೀಲ್ ಡಬ್ಬಿಗೆ ಉಂಡೆ ತುಂಬಿ, ಮುಚ್ಚಳಕ್ಕೆ ಟೇಪ್ ಹಚ್ಚಿ, ಆಟ ಶುರುವಾಗುವ ಮುಂಚೆಯೇ ಎಲ್ಲರಿಗೂ ಕಾಣುವಂತೆ ಎತ್ತರದ ಜಾಗದಲ್ಲಿ ಇಡಲಿ. ಡಬ್ಬಿಯಲ್ಲಿ ಏನಿದೆ ಎಂದು ಯಾರಿಗೂ ಹೇಳಬೇಡಿ. ಹತ್ತು ತಿಂಡಿಗಳ ಚಿತ್ರವಿರುವ ಕಾರ್ಡುಗಳಲ್ಲಿ ಹುಟ್ಟುಹಬ್ಬದ ಮಗು ಒಂದನ್ನು ಆರಿಸುತ್ತದೆ. ಆ ಆಯ್ಕೆಯನ್ನು ನಿಮಗೆ ಬೇಕಾದ ಕಡೆ ತರುವ ಕೈಚಳಕ ನಿಮಗೆ ಗೊತ್ತೇ ಇದೆ. ಕಾರ್ಡು ತಿರುಗಿಸಿದರೆ ರವೆ ಉಂಡೆ. ಆಗ ಅಮ್ಮನನ್ನೋ ಅಜ್ಜಿಯನ್ನೋ ಕರೆದು ಟೇಪ್ ಬಿಚ್ಚಿಸಿ. ಮುಚ್ಚಳ ತೆರೆಯುವವರು ಅವರು, ಚಪ್ಪಾಳೆಯೂ ಅವರಿಗೇ. ಉಂಡೆಗೆ ಹಾಲು ಚಿಮುಕಿಸಿ ಕಟ್ಟಿದ್ದರೆ ಹೆಚ್ಚು ಹೊತ್ತು ಇಡಲು ಆಗುವುದಿಲ್ಲ, ಹಾಗಾಗಿ ಬರೀ ತುಪ್ಪದಲ್ಲಿ ಕಟ್ಟಲು ಹೇಳಿ. ಗೋಡಂಬಿ ಹಾಕುವುದು ಬೇಡ, ಒಣದ್ರಾಕ್ಷಿಯನ್ನು ಸಣ್ಣಗೆ ಹೆಚ್ಚಿ ಹಾಕಲಿ. ರವೆ ಹುರಿಯುವ ಬಾಣಲೆಯಲ್ಲಿ ಆ ದಿನ ಕಡಲೆಕಾಯಿ ಹುರಿದಿರಬಾರದು ಎಂದು ಕೇಳಿಕೊಳ್ಳಿ, ಆ ಮಗುವಿನ ತಾಯಿಗೂ ಹೀಗೆ ಮಾಡಿದ್ದೇವೆ ಎಂದು ತಿಳಿಸಿ. ತೀರಾ ಸಣ್ಣವರಿಗೆ ಇಡೀ ಉಂಡೆ ಕೈಗೆ ಕೊಡದೆ, ದೊಡ್ಡವರು ಪುಡಿ ಮಾಡಿ ತಿನ್ನಿಸಲಿ.